ಎರಡು ಬಾಯಿಯ ಮಾತು

ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಸ್ಥಳ, ಕಿರಂಗೂರಿನ ನಾಲೆಯ ಪಕ್ಕದ ಆಟದ ಬಯಲು. ಹಾಜರಿದ್ದವರು ನಮ್ಮ ಫುಟ್ಬಾಲ್ ತಂಡದ ಹದಿಮೂರು ಜನ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ನನ್ನ ಗೆಳೆಯನ ಹೆಂಡತಿ, ಪಕ್ಕದಲ್ಲಿ ನಾನು. ಬರಬೇಕಾಗಿದ್ದು ಬಾರದೆ ಹೋದವನು ಅವನೊಬ್ಬನೇ. ಅವನ ತಿಥಿ ಮುಗಿದು ಮೂರು ದಿನವಾಗಿತ್ತು.

ಮೂವತ್ತೊಂದು ವರ್ಷ ಪಾಂಡವಪುರದ ಶಾಲೆಯೊಂದರಲ್ಲಿ ಆಟದ ಮೇಷ್ಟರಾಗಿದ್ದವನು ನಾನು. ಹಾಜರಿ ಹಾಕದೆ ನನಗೆ ದಿನ ಶುರುವಾಗುವುದಿಲ್ಲ. ನಿವೃತ್ತಿಯಾದ ಮೇಲೂ ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ಸ್ನಾನ, ಐದೂವರೆಗೆ ನಡಿಗೆ. ಈಚೆಗೆ ಇದೆಲ್ಲ ದಣಿವು ತರುತ್ತದೆ. ಬಿಟ್ಟರೆ ಇನ್ನೂ ಹೆಚ್ಚು ದಣಿವಾಗುತ್ತದೆ ಎಂದು ಮುಂದುವರಿಸಿದ್ದೇನೆ.

ತಂಡದ ಗೋಲ್‌ಕೀಪರು ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನು, ಅವನೇ ನಾಯಕ. ತಿಥಿಯ ದಿನ ಊಟದ ಎಲೆಯ ಮುಂದೆಯೇ ನನ್ನ ಹತ್ತಿರ ಬಂದು, ಅಣ್ಣನ ಬಗ್ಗೆ ಒಂದು ಪುಟ ಬರೆದುಕೊಂಡು ಬನ್ನಿ ಸಾರ್, ಭಾನುವಾರ ಆಟಕ್ಕೆ ಮುಂಚೆ ಓದೋಣ ಎಂದಿದ್ದ. ಬರೆದುಕೊಂಡು ಹೋಗಿದ್ದೆ. ಆ ಪುಟದ ಕೊನೆಯಲ್ಲಿ ನಲವತ್ತು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯವಿತ್ತು. ಅದನ್ನು ಓದುತ್ತೇನೋ, ಅದಕ್ಕೆ ಮುಂಚೆಯೇ ಕಾಗದ ಮಡಿಚುತ್ತೇನೋ ಎಂದು ಬಯಲಿಗೆ ಬಂದು ನಿಲ್ಲುವವರೆಗೆ ನನಗೇ ಗೊತ್ತಿರಲಿಲ್ಲ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನವರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ನಾಲೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿ ಅವನು. ಹಾಗಾಗಿ ಎಲ್ಲರಿಗೂ ಗಂಟಣ್ಣ. ನನ್ನನ್ನು ಮೊದಲು 'ಲೇ' ಎನ್ನುತ್ತಿದ್ದ. ನನಗೆ ಶಾಲೆಯ ಕೆಲಸ ಸಿಕ್ಕ ಮಾರನೆಯ ದಿನದಿಂದ 'ಮೇಷ್ಟ್ರೇ' ಎಂದಾಯಿತು. ಮೊದಲಿನ ಹಾಗೇ ಕರಿ ಎಂದು ಎಷ್ಟೋ ಸಲ ಹೇಳಿದೆ. "ಮಕ್ಳು ಕೇಳುಸ್ಕತವೆ" ಎಂದ. ಆ 'ಲೇ' ನನಗೆ ಮತ್ತೆ ಸಿಗಲಿಲ್ಲ.

ತೆಳ್ಳಗಿನ ಆಳು. ಹೆಗಲ ಮೇಲೆ ಸನಿಕೆ. ನಡೆಯುವಾಗ ಕಣ್ಣು ಯಾವಾಗಲೂ ನಾಲ್ಕು ಮಾರು ಮುಂದಿನ ನೆಲದ ಮೇಲೆ. ಏರಿಯ ಹೊರಮೈಯಲ್ಲಿ ಎಲ್ಲಾದರೂ ಮಣ್ಣು ಒದ್ದೆಯಾಗಿದೆಯೇ ಎಂದು ನೋಡುವ ಕಣ್ಣು ಅದು. ರಸ್ತೆಯಲ್ಲೂ, ಮದುವೆ ಮನೆಯಲ್ಲೂ ಹಾಗೇ ನೋಡುತ್ತಿದ್ದ. ಫುಟ್ಬಾಲ್ ಎಂದರೆ ಜೀವ. ಆದರೆ ಚೆಂಡನ್ನು ಕಾಲಿನಿಂದ ಮುಟ್ಟುತ್ತಿರಲಿಲ್ಲ. ಆಟದ ಚೆಂಡು ಹೊರಗೆ ಉರುಳಿ ಅವನ ಹತ್ತಿರ ಬಂದರೆ ಬಾಗಿ ಎರಡೂ ಕೈಯಿಂದ ಎತ್ತಿ, ಒರೆಸಿ, ಕೊಡುತ್ತಿದ್ದ. ಪುಸ್ತಕವನ್ನು ಕಾಲಿನಿಂದ ಮುಟ್ಟಬಾರದು ಎನ್ನುವ ಹಾಗೆ ಇದೂ ಒಂದು ಭಕ್ತಿ ಎಂದು ಹುಡುಗರು ತಿಳಿದಿದ್ದರು. ಕಾರಣ ಬೇರೆ. ಅದು ಪೂರ್ತಿ ಗೊತ್ತಿದ್ದವರು ಇಬ್ಬರೇ, ಅವನು ಮತ್ತು ನಾನು.

ನಾವಿಬ್ಬರೂ ಫುಟ್ಬಾಲ್ ಕಲಿತದ್ದು ಕೆ.ಆರ್.ಎಸ್.ನಲ್ಲಿ. ಬೇರೆ ಬೇರೆ ಊರುಗಳಿಂದ ವರ್ಗವಾಗಿ ಬಂದ ನೀರಾವರಿ ಇಲಾಖೆಯವರು ಕ್ವಾರ್ಟರ್ಸಿನ ಹಿಂದೆ ಸಂಜೆ ಆಡುತ್ತಿದ್ದರು. ಸುತ್ತಲ ಹಳ್ಳಿಗಳದ್ದೆಲ್ಲ ಕಬಡ್ಡಿ. ಅವನು ಕಿರಂಗೂರಿನ ಬೇಸಾಯದ ಮನೆಯವನು, ನಾನು ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವನು. ಬಸ್ಸಿನಲ್ಲಿ ಪರಿಚಯವಾಗಿ, ಇಬ್ಬರೂ ಒಂದೇ ತಂಡ ಸೇರಿದೆವು. ಅವನು ಡಿಫೆನ್ಸು, ನಾನು ಅವನ ಹಿಂದೆ ಗೋಲ್‌ಕೀಪರು. ನಮ್ಮ ಮನೆಯಲ್ಲಿ 'ಬಿಡು' ಎನ್ನುತ್ತಾರೆ. ಬಯಲಿನಲ್ಲಿ ಹಾಗೆಂದರೆ "ಬಂದ ನೋಡ್ಲಾ ಪಂಚಾಂಗ" ಎಂದು ನಗುತ್ತಿದ್ದರು. ಒಂದು ತಿಂಗಳಲ್ಲಿ ನಾನೂ 'ಬುಡು' ಎನ್ನಲು ಕಲಿತೆ. ಕಲಿತೆ ಎಂದುಕೊಂಡೆ.

ಕೆ.ಆರ್.ಪೇಟೆಯಲ್ಲಿ ಪಂದ್ಯಾವಳಿ. ಫೈನಲ್ಲಿನಲ್ಲಿ ನಮ್ಮೆದುರು ನಾಗಮಂಗಲದ ತಂಡ. ಆಟ ಮುಗಿಯಲು ಎರಡು ನಿಮಿಷವಿದೆ, ಯಾರದ್ದೂ ಗೋಲಿಲ್ಲ. ಚೆಂಡು ನಮ್ಮ ಗೋಲಿನ ಕಡೆಗೆ ಉರುಳಿಕೊಂಡು ಬಂತು. ಅವನು ಅದರ ಹಿಂದೆಯೇ ಓಡಿಬರುತ್ತಿದ್ದ, ನಾನು ಗೋಲು ಬಿಟ್ಟು ಅದರೆದುರಿಗೆ ಓಡಿದೆ. ಹಿಡಿದುಬಿಡಬಹುದಾದ ಚೆಂಡು. "ಬುಡು, ಬುಡು" ಎಂದು ಕೂಗಿದೆ. ಮುಟ್ಟಬೇಡ, ನಾನು ಹಿಡಿಯುತ್ತೇನೆ ಎಂದು ನನ್ನ ಅರ್ಥ. ಅವನು ಕಾಲೆತ್ತಿ ಬಾರಿಸಿದ. ಗೆರೆಯಾಚೆ ಹೊಡೆದು ಹಾಕಲು ನೋಡಿದ್ದು, ಮೊಣಕಾಲಿನ ಕೆಳಗೆ ತಗಲಿ, ನನ್ನ ಕಿವಿಯ ಪಕ್ಕದಿಂದ ಹಾದು, ಯಾರೂ ಇಲ್ಲದ ಗೋಲಿನೊಳಗೆ ಹೋಯಿತು.

ನಾನು ಆಗ ಮಾಡಿದ ಕೆಲಸ ಇಷ್ಟು. ಸೊಂಟದ ಮೇಲೆ ಕೈಯಿಟ್ಟು, ತಿರುಗಿ, ಅವನನ್ನು ನೋಡಿದೆ. ಬಾಯಿ ತೆರೆಯಲಿಲ್ಲ. ಆ ನೋಟವನ್ನು ಸುತ್ತ ನಿಂತ ಜನವೆಲ್ಲ ನೋಡಿದರು. ಉಳಿದದ್ದನ್ನು ಅವರೇ ಮಾಡಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬೊಬ್ಬರೂ ಅವನನ್ನು ಬೈದರು. ಯಾರಾದರೂ ಕೂಗಿದರೇನೋ ಎಂದು ಒಬ್ಬ ಕೇಳಿದ. ಅವನು ಕಿಟಕಿಯ ಆಚೆ ನೋಡುತ್ತ, "ಯಾರೂ ಕೂಗ್ನಿಲ್ಲ ಕಣ್ಲಾ. ಕಾಲು ನಂದು" ಎಂದ. ನಾನು ಮುಂದಿನ ಸೀಟಿನಲ್ಲಿದ್ದೆ. ತಿರುಗಲಿಲ್ಲ.

ಆಗಲೇ ನನಗೆ ದಿನಚರಿ ಬರೆಯುವ ಅಭ್ಯಾಸ. ಪ್ರತಿ ಪಂದ್ಯಕ್ಕೂ ಒಂದು ಸಾಲು. ಆ ದಿನದ ಸಾಲು: 'ಡಿಫೆನ್ಸಿನವನು ಕೀಪರನ ಕರೆ ಪಾಲಿಸಲಿಲ್ಲ, ಸೋತೆವು.' ಮೇಷ್ಟರಾದ ಮೇಲೆ ಪ್ರತಿ ವರ್ಷವೂ ಹೊಸ ಮಕ್ಕಳಿಗೆ ಈ ಕಥೆಯನ್ನು ಪಾಠವಾಗಿ ಹೇಳಿದೆ. ಕರೆ ಕೇಳದಿದ್ದರೆ ಏನಾಗುತ್ತದೆ ನೋಡಿ, ಶಿಸ್ತು ಎಂದರೆ ಇದು ಎಂದು. ಕೀಪರು ನಾನೇ ಎಂದಾಗಲಿ, ಕೂಗಿದ್ದು ಏನೆಂದಾಗಲಿ ಹೇಳಲಿಲ್ಲ. ಅವನ ಹೆಸರನ್ನೂ ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಿರಂಗೂರಿನ ಮಕ್ಕಳೂ ನನ್ನ ಶಾಲೆಗೆ ಬರುತ್ತಿದ್ದವು.

ನಲವತ್ತು ವರ್ಷ ಟೀ ಅಂಗಡಿಯ ಬೆಂಚಿನ ಮೇಲೆ ಅದೇ ಪ್ರಶ್ನೆ ಅವನಿಗೆ ಕಾದಿರುತ್ತಿತ್ತು. "ಗಂಟಣ್ಣ, ಇವತ್ತು ಯಾವ್ ಗೋಲ್ಗೆ ಒಡೀತೀಯಣ್ಣ?" ಅವನು ಗ್ಲಾಸು ಕೆಳಗಿಡದೆ ಹೇಳುತ್ತಿದ್ದ: "ಅತ್ರ ಯಾವ್ದದೆ ಅದ್ಕೇ ಕಣ್ಲಾ. ಈ ವಯಸ್ನಾಗೆ ಆ ಗೋಲ್ ಗಂಟ ಯಾವನು ಓಡಾನು?" ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ನನ್ನ ತಪ್ಪು ನನಗೆ ತಿಳಿದದ್ದು ತೀರ ತಡವಾಗಿ, ಸಂತೆಬಾಚಹಳ್ಳಿಯ ಸಂತೆಯಲ್ಲಿ. ಅವನು ಎತ್ತು ನೋಡಲು ಹೊರಟಿದ್ದ, ನಾನು ಜೊತೆಗೆ ಹೋಗಿದ್ದೆ. ಮುದುಕನೊಬ್ಬ ತನ್ನ ಆಳಿಗೆ "ಬುಡ್ಲಾ" ಎಂದ. ಆಳು ಹಗ್ಗ ಸಡಿಲಿಸಿದ. ಎತ್ತು ತನ್ನನ್ನು ಸಾಗಿಸಲು ನಿಂತಿದ್ದ ಗಾಡಿಯ ಹತ್ತಿರ ಹೋಗಿ ನಿಂತುಬಿಟ್ಟಿತು, ಹತ್ತಲಿಲ್ಲ. ಮುದುಕ ಮತ್ತೆ "ಬುಡ್ಲಾ" ಎಂದ. ಆಳು ಈ ಸಲ ಕೋಲೆತ್ತಿ ಬೆನ್ನಿಗೆ ಬಾರಿಸಿದ. ಅದೇ ಮುದುಕ, ಅದೇ ಆಳು, ಅದೇ ಮಾತು. ಕೈಬಿಡು ಎನ್ನುವುದಕ್ಕೂ ಬುಡು, ಬಾರಿಸು ಎನ್ನುವುದಕ್ಕೂ ಬುಡು. ಅವರಿಬ್ಬರಿಗೆ ಗೊಂದಲವಿರಲಿಲ್ಲ. ನಾನು ಮಾತ್ರ ನಿಂತಲ್ಲೇ ನಿಂತೆ. ಕೆ.ಆರ್.ಪೇಟೆಯಲ್ಲಿ ನಾನು ಕೂಗಿದ್ದು ಮೊದಲನೆಯ ಬುಡು, ಅವನಿಗೆ ಕೇಳಿದ್ದು ಎರಡನೆಯದು. ಗಂಟಣ್ಣ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಅವನಿಗೆ ಇದು ಮೊದಲಿನಿಂದ ಗೊತ್ತಿತ್ತು ಎಂದು ಆ ನೋಟದಲ್ಲಿ ನನಗೆ ಕಂಡಿತು. "ಬಾಳೆಹಣ್ಣು ತಿಂತೀರಾ ಮೇಷ್ಟ್ರೇ?" ಎಂದ. ತಿಂದೆ. ಹೇಳಬೇಕಾದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವಂತಿರಲಿಲ್ಲ. ಆದರೂ ಹೇಳಲಿಲ್ಲ.

ಇನ್ನು ಅವನ ಡಿಫೆನ್ಸಿನ ವಿಚಾರ. ಫೋನಿನಲ್ಲಿ ವಿದೇಶದ ಪಂದ್ಯಗಳ ತುಣುಕುಗಳನ್ನು ಬೆಳಿಗ್ಗೆ ತೂಬಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಗೋಲು ಹೊಡೆದವನನ್ನು ಅವನು ನೋಡುತ್ತಲೇ ಇರಲಿಲ್ಲ. ಬೆರಳಿನಿಂದ ಹಿಂದಕ್ಕೆ ತಳ್ಳಿ, ಗೋಲಾಗುವ ಮೊದಲು ಡಿಫೆನ್ಸಿನವರು ಎಲ್ಲಿ ನಿಂತಿದ್ದರು ಎಂದು ನೋಡುತ್ತಿದ್ದ. ದೊಡ್ಡ ತಂಡವೊಂದು ಭಾರಿ ಬೆಲೆಗೆ ಒಬ್ಬ ಡಿಫೆಂಡರನ್ನು ಕೊಂಡಿತು, ಆಮೇಲೂ ಸೋಲುತ್ತಲೇ ಇತ್ತು. ಅವನ ತೀರ್ಪು, ಒಂಟಿ ಎತ್ತು ತಂದವರೆ, ಜೋಡಿ ಮರೆತವರೆ ಎಂದು. ಬಲಕ್ಕೆ ಹೂಡಿ ಪಳಗಿದ ಎತ್ತನ್ನು ಎಡಕ್ಕೆ ಕಟ್ಟಿದರೆ ನೊಗ ಸೊಟ್ಟಗಾಗುತ್ತದೆ ಎಂದು ಗೊತ್ತಿಲ್ಲದವರು ತಂಡ ನಡೆಸುತ್ತಾರೆ ಎನ್ನುವುದೇ ಅವನಿಗೆ ಆಶ್ಚರ್ಯ.

ಹೋದ ವರ್ಷ ನಮ್ಮ ತಂಡ ನಾಗಮಂಗಲಕ್ಕೆ ಹೋಗಿ ಆರು ಗೋಲು ತಿಂದು ಬಂತು. ತಂಡವನ್ನೇ ಮುಚ್ಚಿಬಿಡುವ ಮಾತು ಬಂತು. ಮೈಸೂರಿನಿಂದ ಎತ್ತರದ ಡಿಫೆಂಡರನೊಬ್ಬನನ್ನು ಕರೆತರೋಣ ಎಂದು ಕೆಲವರೆಂದರು. ಅವನು ಯಾವತ್ತೂ ಕೇಳದೆ ಸಲಹೆ ಕೊಟ್ಟವನಲ್ಲ. ಅಂದು ಮಾತ್ರ ಎದ್ದು ಬಯಲಿನ ನಡುವೆ ಹೋಗಿ ಸನಿಕೆಯ ತುದಿಯಿಂದ ಒಂದು ನಾಲೆ ಗೀಚಿದ. ನಡುವೆ ಏರಿ ಒಡೆದ ಜಾಗವನ್ನು ಅಳಿಸಿ ತೋರಿಸಿದ.

"ಏರಿ ಒಡೆದೋಯ್ತು. ಏನ್ ಮಾಡ್ತೀರ?"

ಟ್ರಾಕ್ಟರು ಓಡಿಸುವ ಹುಡುಗ, ನಮ್ಮ ಸೆಂಟರ್ ಬ್ಯಾಕು, ಮಣ್ಣು ಸುರಿಯೋದು ಎಂದ.

"ಸುರಿ. ನೀರು ನಿನ್ ಮಣ್ಣೂ ತಕ್ಕೊಂಡೋಯ್ತದೆ, ಟ್ರಾಕ್ಟರೂ ತಕ್ಕೊಂಡೋಯ್ತದೆ. ಮೊದ್ಲು ಮ್ಯಾಗ್ಲ ತೂಬು ಮುಚ್ಚಬೇಕು ಕಣ್ಲಾ. ಆಮೇಕೆ ಎಲ್ಡು ಅಂಚೂ ಗಟ್ಟಿ ಮಾಡು. ನಡುವ್ಕೆ ಮಣ್ಣಾಕೋದು ಕಡೇಗೆ."

ತಂಡದ ಲೆಕ್ಕದಲ್ಲಿ ಅದರ ಅರ್ಥ ಇಷ್ಟೇ. ಗೋಲು ಬೀಳುತ್ತಿರುವುದು ಡಿಫೆನ್ಸಿನಿಂದಲ್ಲ, ಮುಂದಿನವರು ನಡುಬಯಲಿನಲ್ಲಿ ಚೆಂಡು ಕಳೆದುಕೊಳ್ಳುವುದರಿಂದ. ಮೊದಲು ಅದು ನಿಲ್ಲಬೇಕು. ಆಮೇಲೆ ಎರಡು ಬದಿಯ ಆಟಗಾರರು, ಕೊನೆಗೆ ನಡುವಿನ ಇಬ್ಬರು. ಮೈಸೂರಿನವನು ಬೇಡವೇ ಬೇಡ. ಮೂವತ್ತೊಂದು ವರ್ಷ ಆಟ ಕಲಿಸಿದ ನಾನು ಇದನ್ನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಮಾರನೆಯ ಭಾನುವಾರದಿಂದ ಅಭ್ಯಾಸ. ಹಿಂದಿನ ನಾಲ್ವರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿ ಬಯಲಿನ ಆ ತುದಿಯಿಂದ ಈ ತುದಿಗೆ ಓಡಾಡಿಸಿದ. ಒಬ್ಬ ಮುಂದೆ ಹೋದರೆ ನಾಲ್ವರೂ ಹೋಗಬೇಕು. ನಾವೇನು ಎತ್ತುಗಳಾ ಎಂದು ಟ್ರಾಕ್ಟರಿನವನು ಗೊಣಗಿದ. ಎತ್ತಾದರೆ ಪುಣ್ಯ, ಜೊತೆಗಾರ ಎಲ್ಲವ್ನೆ ಅಂತ ಎತ್ತಿಗೆ ಗೊತ್ತಿರ್ತದೆ ಎಂದು ಉತ್ತರ ಬಂತು. ತುಂಬ ಓಡುವವನು ಅವನಿಗೆ ಹಿಡಿಸುತ್ತಿರಲಿಲ್ಲ. ಓಡುವವನು ಮುಂದಿರಲಿ, ಹಿಂದೆ ನಿಲ್ಲುವವನು ಬೇಕು. ದಣಿದವನಿಗೇ ಎಲ್ಲಿ ನಿಂತರೆ ಓಡುವುದು ತಪ್ಪುತ್ತದೆ ಎಂದು ತಿಳಿಯುವುದು ಎನ್ನುತ್ತಿದ್ದ. ಆ ಹೊತ್ತಿಗೆ ಅವನಿಗೂ ಉಬ್ಬಸ ಶುರುವಾಗಿತ್ತು. ಎರಡು ಮಾತಿಗೊಮ್ಮೆ ಸನಿಕೆಗೆ ಒರಗಿ ಉಸಿರು ಹಿಡಿಯುತ್ತಿದ್ದ.

ಮೊದಲ ದಿನವೇ ಅವನು ಹಾಕಿದ ಕಟ್ಟಳೆ ಒಂದಿತ್ತು. ಬಯಲಿನಲ್ಲಿ ಯಾರೂ 'ಬುಡು' ಎನ್ನಬಾರದು. ಚೆಂಡು ಯಾರದ್ದೋ ಅವನು 'ನಂದು' ಎಂದು ಕೂಗಬೇಕು. ಒಂದು ಸಲ ಕೂಗಿದ ಮೇಲೆ ಅದು ಅವನದ್ದೇ. ಹಿಡಿದರೂ ಅವನದ್ದು, ಬಿಟ್ಟರೂ ಅವನದ್ದು.

ಯಾಕಣ್ಣ ಎಂದು ಗೋಲ್‌ಕೀಪರು ಕೇಳಿದ.

"ಆ ಮಾತ್ಗೆ ಎಲ್ಡು ಬಾಯಿ ಅವೆ ಕಣ್ಲಾ" ಎಂದ.

ನಾನು ಹತ್ತು ಮಾರು ದೂರದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

ಇನ್ನೊಂದು ದಿನ ಏಡಿಯ ಮಾತು ಬಂತು. ಏರಿ ಒಡೆಯುವುದು ನೀರಿನ ರಭಸಕ್ಕಲ್ಲ, ಏಡಿಯ ಬಿಲಕ್ಕೆ. ಬೆರಳು ಹೋಗುವಷ್ಟು ತೂತು, ಮೊದಲು ಹೊರಗಡೆಯ ಮಣ್ಣು ನೆನೆಯುತ್ತದೆ, ನೋಡುವವನು ಅದನ್ನು ನೋಡಬೇಕು ಎಂದ. ತಂಡದಲ್ಲಿ ಏಡಿ ಬಿಲ ಎಲ್ಲಿರುತ್ತದೆ ಎಂದು ಟ್ರಾಕ್ಟರಿನವನು ತಮಾಷೆಗೆ ಕೇಳಿದ. ಅವನು ಸನಿಕೆಗೆ ಒರಗಿಕೊಂಡೇ ಹೇಳಿದ.

"ಗೋಲ್ ಬಿದ್ ಮ್ಯಾಲೆ ಯಾರು ಯಾರ್ ಕಡೆ ತಿರುಗಿ ನೋಡ್ತಾನೆ ನೋಡು. ಅಲ್ಲೇ ಇರೋದು."

ಆಗಲೂ ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ನನ್ನನ್ನು ಚುಚ್ಚಲು ಹೇಳಿದನೆಂದು ನಾನು ತಿಳಿದಿಲ್ಲ. ಡಿಫೆನ್ಸು ಕಟ್ಟಲು ಅವನ ಹತ್ತಿರ ಇದ್ದ ಅನುಭವವೇ ಅದು. ಅದನ್ನು ಕೊಟ್ಟ, ಅಷ್ಟೇ.

ತಂಡ ಬಹಳವೇನೂ ಮೇಲೆ ಬರಲಿಲ್ಲ. ಆರು ಗೋಲು ಮೂರಾಯಿತು, ಎರಡಾಯಿತು. ಅವನು ನೋಡಿದ ಕೊನೆಯ ಪಂದ್ಯ ಪಾಂಡವಪುರದಲ್ಲಿ, ಅದೇ ನಾಗಮಂಗಲದವರ ಮೇಲೆ. ಶಾಲು ಹೊದ್ದು, ಗೋಲಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಾನು ಪಕ್ಕದಲ್ಲಿದ್ದೆ. ಕೊನೆಗೆ ಒಂದು ಚೆಂಡು ನಮ್ಮ ಗೋಲಿನ ಕಡೆಗೆ ಉರುಳಿಕೊಂಡು ಬಂತು, ಟ್ರಾಕ್ಟರಿನವನು ಅದರ ಹಿಂದೆ ಓಡಿಬರುತ್ತಿದ್ದ. ಗೋಲ್‌ಕೀಪರು ಹೊರಗೆ ಬಂದು "ನಂದು" ಎಂದ. ಟ್ರಾಕ್ಟರಿನವನು ಪಕ್ಕಕ್ಕೆ ಸರಿದ. ಚೆಂಡು ಕೀಪರನ ಎದೆಗೆ ಸೇರಿತು. ಯಾರೂ ಚಪ್ಪಾಳೆ ತಟ್ಟುವಂಥ ಆಟವಲ್ಲ ಅದು. ಗಂಟಣ್ಣನ ಕೈ ಕುರ್ಚಿಯ ಹಿಡಿಯ ಮೇಲೆ ಬಿಗಿದಿದ್ದದ್ದು ಸಡಿಲವಾಯಿತು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯಿತು. "ಬೀಳ್ನಿಲ್ಲ. ಸಾಕು" ಎಂದ. ಆಗ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಗುತ್ತದೆ ಎಂದು ನಾನು ಗಡಿಯಾರ ನೋಡಿದೆ.

ಹದಿನೆಂಟು ದಿನದ ಮೇಲೆ ಬೆಳಿಗ್ಗೆ ಮುಖ ತೊಳೆಯಲು ಕೂತವನು ಏಳಲಿಲ್ಲ.

ಆ ಭಾನುವಾರ ನಾನು ಕಾಗದ ತೆಗೆದು ಓದಿದೆ. ನೀರುಗಂಟಿಯ ಕೆಲಸ, ನಾಲೆ ಗೀಚಿದ್ದು, ಹಗ್ಗ, ಎತ್ತು. ಹುಡುಗರು ಅಲ್ಲಲ್ಲಿ ನಕ್ಕರು. ಕೊನೆಯ ಭಾಗಕ್ಕೆ ಬಂದಾಗ ಕಾಗದದ ಮಾತು ಬಿಟ್ಟು ಬಾಯಿಮಾತಿನಲ್ಲೇ ಹೇಳಿದೆ. ಕೆ.ಆರ್.ಪೇಟೆಯಲ್ಲಿ ಕೂಗಿದ್ದು ಕೀಪರು, ಕೀಪರು ನಾನು, ನಾನು ಕೂಗಿದ್ದು 'ಬುಡು'. ಅವನು ಕರೆ ಕೇಳಲಿಲ್ಲ ಎಂದು ನಿಮಗೆ ಪಾಠ ಹೇಳಿದೆ. ಅವನು ಕೇಳಿದ್ದ. ಕೇಳಿದ್ದನ್ನೇ ಮಾಡಿದ್ದ. ತಪ್ಪು ಅವನದ್ದಲ್ಲ.

ಗೋಲ್‌ಕೀಪರೂ ನನ್ನ ಶಾಲೆಯವನೇ, ಆ ಪಾಠ ಕೇಳಿದವನೇ. ಅವನು ನೆಲ ನೋಡುತ್ತಿದ್ದ. ಗಂಟಣ್ಣನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ನಾನೂ ಕೇಳಿದ್ದೆ, ಯಾರು ಕೂಗಿದ್ದು ಅಂತ" ಎಂದರು. "ಕಾಗೆ ಕೂಗ್ತು ಅಂದ್ರು. ಮಗಳ ಮದ್ವೇಲಿ ಬೀಗ್ರು ಕಡೆಯೋರು ಊಟದ ಪಂಕ್ತೀಲಿ ಆ ಗೋಲ್ ಮಾತು ಆಡ್ಕೊಂಡು ನಕ್ರು. ಆವತ್ತೂ ನಿಜ ಏಳ್ನಿಲ್ಲ. ನೀವು ಆ ಪಂಕ್ತೀಲೇ ಕುಂತಿದ್ರಿ."

ಕೂತಿದ್ದೆ. ಯಾರಿಗೆ ಹೇಳಬೇಕಾಗಿತ್ತೋ ಅವನು ಹೋದ ಮೇಲೆ ಈ ಮಾತು ತಂದೆ ಎಂದಷ್ಟೇ ಹೇಳಿದೆ.

ಅವರು ಕುರ್ಚಿಯಿಂದ ಎದ್ದರು. ಮೊಣಕಾಲು ಹಿಡಿದುಕೊಂಡು ಸ್ವಲ್ಪ ನಿಂತು, ನನ್ನ ಮುಖ ನೋಡದೆ, "ಬುಡಿ ಮೇಷ್ಟ್ರೇ" ಎಂದರು. ನಾಲೆಯ ಏರಿಯ ಮೇಲೆ ಮನೆಯ ಕಡೆಗೆ ನಡೆದರು.

ಆ ಮಾತಿನ ಯಾವ ಬಾಯಿಂದ ಅವರು ಹೇಳಿದರೆಂದು ನಾನು ಕೇಳಲಿಲ್ಲ.

ಹುಡುಗರು ಒಂಬತ್ತರವರೆಗೆ ಆಡಿದರು. ಎರಡು ಸಲ 'ನಂದು' ಎಂಬ ಕೂಗು ಕೇಳಿತು. ಗೋಲಿನ ಬಲೆ ಬಿಚ್ಚಿ ಮಡಿಸಿ, ಅವನ ಹಗ್ಗವನ್ನು ಸುತ್ತಿ ಅದರ ಮೇಲಿಟ್ಟು, ಹತ್ತೂ ಕಾಲರ ಬಸ್ಸಿಗೆ ಶ್ರೀರಂಗಪಟ್ಟಣಕ್ಕೆ ಬಂದೆ. ಕೈಕಾಲು ತೊಳೆದೆ. ಊಟ ಮಾಡಿದೆ. ಬೀರುವಿನ ಕೆಳಗಿನ ಖಾನೆಯಿಂದ ಆ ವರ್ಷದ ದಿನಚರಿ ತೆಗೆದೆ. ಕೆ.ಆರ್.ಪೇಟೆಯ ಪುಟ ಹುಡುಕಲು ಹೊತ್ತು ಹಿಡಿಯಲಿಲ್ಲ. ಸ್ಕೇಲು ಇಟ್ಟು ಆ ಸಾಲನ್ನು ಹೊಡೆದು ಹಾಕಿದೆ. ಕೆಳಗೆ ಜಾಗ ಕಡಿಮೆಯಿತ್ತು. 'ಗೋಲು ನನ್ನದು' ಎಂದು ಬರೆಯಹೊರಟು, ನಿಲ್ಲಿಸಿ, ಅವನು ಹೇಳಿಕೊಟ್ಟ ಹಾಗೆ 'ನಂದು' ಎಂದಷ್ಟೇ ಬರೆದೆ. ಶಾಯಿ ಒಣಗಿದ ಮೇಲೆ ಪುಸ್ತಕ ಮುಚ್ಚಿ ಅದರ ಜಾಗದಲ್ಲಿಟ್ಟು ಬೀರುವಿನ ಬಾಗಿಲು ಹಾಕಿದೆ. ಅಂದಿಗೆ ಉಳಿದಿದ್ದ ಕೆಲಸ ಅಷ್ಟೇ.